ತೂಕಕ್ಕೆ ಬಟ್ಟು ಉಂಟು, ವಿಲೀನತೆಗೆ ಏನುಂಟು?

ನಿರ್ದೇಶಕ ದ್ರವ್ಯಗಳು: ಸಣ್ಣ ಉದ್ದಿಮೆದಾರರು ಅರಿತಿರಬೇಕಾದ ವಿಷಯಗಳು

ಅಂಗಡಿಯ ತಕ್ಕಡಿ ಸರಿಯಾಗಿದೆಯೇ ಎಂಬ ಸಂದೇಹ ಬಂದಾಗ ವರ್ತಕನು ಮುದ್ರೆಯೊತ್ತಿದ ಬಟ್ಟನ್ನು ತಂದು ತಟ್ಟೆಯಲ್ಲಿಡುತ್ತಾನೆ. ಮುಳ್ಳು ನೆಟ್ಟಗೆ ನಿಂತರೆ ವಾದ ಅಲ್ಲಿಗೆ ಮುಗಿಯುತ್ತದೆ. ಕಾನೂನುಮಾಪನ ಇಲಾಖೆಯು ನಿಗದಿತ ಅವಧಿಗೊಮ್ಮೆ ಬಟ್ಟುಗಳನ್ನು ಪರಿಶೀಲಿಸಿ ಮುದ್ರೆ ಹಾಕುವುದರಿಂದ ಕೊಳ್ಳುವವನಿಗೂ ಮಾರುವವನಿಗೂ ಅದರಲ್ಲಿ ಸಮಾನ ನಂಬಿಕೆ. ಆದರೆ ಇಂದಿನ ವ್ಯಾಪಾರವು ತೂಕವೊಂದರ ಮೇಲೆಯೇ ನಡೆಯುವುದಿಲ್ಲ. ಎಣ್ಣೆ ಮದ್ಯಸಾರದಲ್ಲಿ ಎಷ್ಟು ತಿಳಿಯಾಗಿ ಕರಗುತ್ತದೆ, ಎಲೆಯಲ್ಲಿ ತೇವ ಎಷ್ಟಿದೆ, ಪಾಕ ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ, ಜೇನು ಏಕೆ ಹೆಪ್ಪುಗಟ್ಟಿತು ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರದ ಮೇಲೆ ಸರಕಿನ ದರ ನಿಲ್ಲುತ್ತದೆ. ಕೆಲವೊಮ್ಮೆ ಇಡೀ ಸರಕೇ ತಿರಸ್ಕೃತವಾಗಿ ಹಿಂದಿರುಗುತ್ತದೆ.

ಇಂತಹ ಅಳತೆಗಳನ್ನು ಮಾಡುವ ಉಪಕರಣ ಸರಿಯಾಗಿದೆಯೇ, ಮಾಡುವ ಕೈ ಪಳಗಿದೆಯೇ ಎಂದು ತಿಳಿಯಲು ತಕ್ಕಡಿಗೆ ಬಟ್ಟು ಇರುವಂತೆಯೇ ಒಂದು ಸಾಧನ ಬೇಕು. ರಸಾಯನಶಾಸ್ತ್ರದಲ್ಲಿ ಅದಕ್ಕೆ ನಿರ್ದೇಶಕ ದ್ರವ್ಯ ಎಂದು ಹೆಸರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ತಂಬಾಕು, ಶುಂಠಿ, ಜೇನು, ಬೆಲ್ಲ ಹಾಗೂ ಶ್ರೀಗಂಧದ ವ್ಯವಹಾರದಲ್ಲಿ ತೊಡಗಿರುವವರಿಗೆ ಈ ಹೆಸರು ಹೊಸದಾಗಿ ಕಂಡರೂ ಅದರ ಪರಿಣಾಮ ಹೊಸತೇನಲ್ಲ. ಪ್ರಯೋಗಾಲಯದ ವರದಿಯೊಂದನ್ನು ಹಿಡಿದು ದರ ಕಡಿತ ಮಾಡಿಸಿಕೊಂಡ ಪ್ರತಿಯೊಬ್ಬ ವರ್ತಕನೂ ಇದರ ಬಿಸಿಯನ್ನು ಅನುಭವಿಸಿದವನೇ.

ನಿರ್ದೇಶಕ ದ್ರವ್ಯ ಎಂದರೇನು?

ಯಾವುದೇ ಒಂದು ಗುಣದ ಬೆಲೆಯನ್ನು ಮೊದಲೇ ನಿಖರವಾಗಿ ಗೊತ್ತುಪಡಿಸಿದ, ಸೀಸೆಯ ಮೇಲ್ಭಾಗದಿಂದ ತೆಗೆದರೂ ತಳಭಾಗದಿಂದ ತೆಗೆದರೂ ಒಂದೇ ರೀತಿ ಇರುವ, ನಿಗದಿತ ಕಾಲದವರೆಗೆ ಕೆಡದೆ ಉಳಿಯುವ ವಸ್ತುವೇ ನಿರ್ದೇಶಕ ದ್ರವ್ಯ. ಅದರೊಡನೆ ಪ್ರಮಾಣಪತ್ರವಿದ್ದು, ಅದರಲ್ಲಿ ಬೆಲೆ, ಆ ಬೆಲೆಯ ಅನಿಶ್ಚಿತತೆ ಹಾಗೂ ಆ ಬೆಲೆಯು ಯಾವ ರಾಷ್ಟ್ರೀಯ ಅಥವಾ ಅಂತಾರಾಷ್ಟ್ರೀಯ ಮೂಲಮಾನದೊಡನೆ ಕೊಂಡಿ ಹೊಂದಿದೆ ಎಂಬ ವಿವರವಿದ್ದರೆ ಅದು ಪ್ರಮಾಣಿತ ನಿರ್ದೇಶಕ ದ್ರವ್ಯ ಎನಿಸಿಕೊಳ್ಳುತ್ತದೆ. ಇಂತಹ ದ್ರವ್ಯಗಳನ್ನು ತಯಾರಿಸುವ ಸಂಸ್ಥೆಗಳು ಪಾಲಿಸಬೇಕಾದ ನಿಯಮಗಳನ್ನು ಐಎಸ್‌ಒ 17034 ಎಂಬ ಮಾನದಂಡವು ವಿಧಿಸಿದೆ. ಪರೀಕ್ಷಾಲಯಗಳ ಸಾಮರ್ಥ್ಯಕ್ಕೆ ಐಎಸ್‌ಒ/ಐಇಸಿ 17025 ಇದೆ.

ಈ ಪದ್ಧತಿಯ ಆರಂಭವೇ ವ್ಯಾಪಾರದ ಅಗತ್ಯದಿಂದ ಎಂಬುದು ಗಮನಾರ್ಹ. ಅಮೆರಿಕದಲ್ಲಿ 1901ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾನಕ ಸಂಸ್ಥೆಯು ಮೊಟ್ಟಮೊದಲು ಹೊರತಂದ ಪ್ರಮಾಣ ಮಾದರಿಗಳು ಎರಕದ ಕಬ್ಬಿಣದವು. ಒಂದೇ ಕಬ್ಬಿಣಕ್ಕೆ ಒಂದೊಂದು ಪ್ರಯೋಗಾಲಯ ಒಂದೊಂದು ಅಂಕಿ ಕೊಡುತ್ತಿದ್ದುದರಿಂದ ಬೇಸತ್ತ ಎರಕದ ಉದ್ದಿಮೆದಾರರ ಸಂಘವೇ ಈ ಕಾರ್ಯಕ್ಕೆ ಮುಂದಾಗಿತ್ತು. ವಿಜ್ಞಾನಿಗಳು ತಮ್ಮ ಕುತೂಹಲಕ್ಕಾಗಿ ಕಟ್ಟಿದ ವ್ಯವಸ್ಥೆ ಇದಲ್ಲ. ವರ್ತಕರ ಜಗಳವನ್ನು ಬಗೆಹರಿಸಲು ಹುಟ್ಟಿದ ವ್ಯವಸ್ಥೆ ಎಂದು ಹೇಳಲು ಅಡ್ಡಿಯಿಲ್ಲ.

ವಿಲೀನತೆ: ತಪ್ಪು ನುಸುಳುವ ದಾರಿಗಳು

ನಿರ್ದಿಷ್ಟ ಉಷ್ಣತೆಯಲ್ಲಿ ನಿರ್ದಿಷ್ಟ ಪ್ರಮಾಣದ ದ್ರಾವಕವು ಗರಿಷ್ಠ ಎಷ್ಟು ವಸ್ತುವನ್ನು ಕರಗಿಸಿಕೊಳ್ಳಬಲ್ಲದೋ ಅದೇ ಆ ವಸ್ತುವಿನ ವಿಲೀನತೆ. ಅದಕ್ಕಿಂತ ಹೆಚ್ಚು ಹಾಕಿದರೆ ಉಳಿದದ್ದು ತಳದಲ್ಲಿ ಹಾಗೆಯೇ ನಿಲ್ಲುತ್ತದೆ. ಕರಗಿದ ಭಾಗ ಮತ್ತು ಕರಗದೆ ಉಳಿದ ಭಾಗಗಳ ನಡುವೆ ಏರ್ಪಡುವ ಈ ಸ್ಥಿತಿಯನ್ನು ಪ್ರಾವಸ್ಥೆಗಳ ಸಮತೋಲ ಎನ್ನುತ್ತಾರೆ. ದ್ರವ ಮತ್ತು ಆವಿಯ ನಡುವೆ, ಒಂದರೊಡನೊಂದು ಬೆರೆಯದ ಎರಡು ದ್ರವಗಳ ನಡುವೆ ಏರ್ಪಡುವ ಸ್ಥಿತಿಯೂ ಇದೇ ಬಗೆಯದು.

ಈ ಅಳತೆಯಲ್ಲಿ ತಪ್ಪು ಮೂರು ಕಡೆಯಿಂದ ನುಸುಳುತ್ತದೆ. ಮೊದಲನೆಯದು ಉಷ್ಣತೆ, ಎರಡನೆಯದು ಕಾಲಾವಕಾಶ, ಮೂರನೆಯದು ವಸ್ತುವಿನ ಶುದ್ಧತೆ. ಯಾವ ತಪ್ಪು ನುಸುಳಿದೆ ಎಂಬುದನ್ನು ಕಂಡುಹಿಡಿಯಲು ತಕ್ಕ ನಿರ್ದೇಶಕ ದ್ರವ್ಯವನ್ನು ಆರಿಸಿಕೊಳ್ಳುವುದೇ ಜಾಣತನ.

ಅಡುಗೆಯ ಉಪ್ಪನ್ನೇ ನೋಡೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಸೋಡಿಯಂ ಕ್ಲೋರೈಡ್ ಕರಗುತ್ತದೆ. ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಿದರೂ ಈ ಪ್ರಮಾಣ ಸುಮಾರು 39 ಗ್ರಾಂಗೆ ಏರುತ್ತದೆಯಷ್ಟೆ. ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಪೆಟ್ಲುಪ್ಪಿನ ರೀತಿಯೇ ಬೇರೆ. ಅದು 20 ಡಿಗ್ರಿಯಲ್ಲಿ ಸುಮಾರು 32 ಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಸುಮಾರು 46 ಗ್ರಾಂ ಕರಗುತ್ತದೆ. ಅಂದರೆ ಒಂದು ಡಿಗ್ರಿ ಹೆಚ್ಚು ಕಡಿಮೆಯಾದರೆ ಸುಮಾರು 1.4 ಗ್ರಾಂ ವ್ಯತ್ಯಾಸ.

ಇದರಿಂದ ಹೊರಡುವ ಪಾಠ ಸ್ಪಷ್ಟ. ಉಷ್ಣತಾಮಾಪಕ ಎರಡು ಡಿಗ್ರಿ ತಪ್ಪು ತೋರಿಸುತ್ತಿದ್ದರೂ ಉಪ್ಪಿನ ಪರೀಕ್ಷೆಯಲ್ಲಿ ಅದು ಬಯಲಾಗುವುದಿಲ್ಲ. ಪೆಟ್ಲುಪ್ಪಿನ ಪರೀಕ್ಷೆಯಲ್ಲಿ ಕೂಡಲೇ ಬಯಲಾಗುತ್ತದೆ. ಪ್ರತಿಯಾಗಿ, ತೂಗುವ ಅಥವಾ ಒಣಗಿಸುವ ಕ್ರಮದಲ್ಲಿ ದೋಷವಿದೆಯೇ ಎಂದು ನೋಡಬೇಕಾದರೆ ಉಷ್ಣತೆಯ ಗೊಂದಲವಿಲ್ಲದ ಉಪ್ಪೇ ಉತ್ತಮ. ಎರಡನ್ನೂ ಜೊತೆಯಲ್ಲಿ ಮಾಡಿದರೆ ದೋಷವೆಲ್ಲಿದೆ ಎಂಬುದು ತಾನಾಗಿಯೇ ಪ್ರತ್ಯೇಕವಾಗಿ ತಿಳಿಯುತ್ತದೆ.

ಕಾಲಾವಕಾಶದ ತಪ್ಪನ್ನು ಹಿಡಿಯುವ ಕ್ರಮ ಲೆಕ್ಕಪತ್ರದ ತಾಳೆಯಂತಿದೆ. ಒಂದು ಪಾತ್ರೆಯಲ್ಲಿ ಕಡಿಮೆ ಕರಗಿದ ದ್ರಾವಣದಿಂದ ಆರಂಭಿಸಿ ಕಲಕುತ್ತಾ ಹೋಗಬೇಕು. ಮತ್ತೊಂದರಲ್ಲಿ ಬಿಸಿಮಾಡಿ ಹೆಚ್ಚು ಕರಗಿಸಿ, ಬಳಿಕ ನಿಗದಿತ ಉಷ್ಣತೆಗೆ ತಂದು ಹೆಚ್ಚಿನದು ತಳಕ್ಕಿಳಿಯಲು ಬಿಡಬೇಕು. ಎರಡೂ ಕಡೆಯಿಂದ ಬಂದ ಅಂಕಿಗಳು ಒಂದೇ ಆದರೆ ಸಮತೋಲ ಏರ್ಪಟ್ಟಿದೆ ಎಂದರ್ಥ. ವರ್ತಕನ ಖಾತೆಯ ಶಿಲ್ಕೂ ಬ್ಯಾಂಕಿನ ಪಾಸ್ ಪುಸ್ತಕದ ಶಿಲ್ಕೂ ಹೊಂದಿಕೆಯಾಗುವಂತೆ ಇಲ್ಲಿಯೂ ಎರಡು ದಾರಿಗಳು ಒಂದೆಡೆ ಕೂಡಬೇಕು. ಕೂಡದಿದ್ದರೆ ಇನ್ನೂ ಕಾಯಬೇಕು; ಅವಸರದ ಅಂಕಿ ನಂಬಿಕೆಗೆ ಅರ್ಹವಲ್ಲ.

ಶುದ್ಧ ಹಾಗೂ ಶುಷ್ಕ ರಸಾಯನಿಕಗಳ ವಿಲೀನತೆಯ ಅಂಕಿಗಳನ್ನು ಹಲವು ದೇಶಗಳ ಅಳತೆಗಳೊಡನೆ ಹೋಲಿಸಿ, ವಿಮರ್ಶಿಸಿ ಪ್ರಕಟಿಸುವ ಕಾರ್ಯವನ್ನು ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟವು 1979ರಲ್ಲಿ ಆರಂಭಿಸಿತು. ಈ ವಿಲೀನತಾ ದತ್ತಾಂಶ ಮಾಲೆಯಲ್ಲಿ ಈವರೆಗೆ ನೂರಕ್ಕೂ ಹೆಚ್ಚು ಸಂಪುಟಗಳು ಬಂದಿವೆ. ಭೌತರಾಸಾಯನಿಕ ಗುಣಗಳನ್ನು ಅಳೆಯಲು ಶಿಫಾರಸು ಮಾಡಲಾದ ನಿರ್ದೇಶಕ ದ್ರವ್ಯಗಳ ಗ್ರಂಥವೊಂದು ಕೆ. ಎನ್. ಮಾರ್ಷ್ ಅವರ ಸಂಪಾದಕತ್ವದಲ್ಲಿ 1987ರಲ್ಲಿ ಇದೇ ಒಕ್ಕೂಟದಿಂದ ಹೊರಬಂತು. ಹೀಗಾಗಿ ಪ್ರಮಾಣಪತ್ರ ಸಹಿತ ದುಬಾರಿ ದ್ರವ್ಯ ದೊರೆಯದ ಕಡೆಯಲ್ಲೂ ಶುದ್ಧ ವಸ್ತು ಮತ್ತು ಒಪ್ಪಿತ ಅಂಕಿ ಎಂಬ ಎರಡರಿಂದ ಕೆಲಸ ಸಾಗಿಸಬಹುದು.

ಶ್ರೀಗಂಧದ ಎಣ್ಣೆಯ ನಿದರ್ಶನ

ಈ ವಿಷಯವು ಮೈಸೂರು ಸೀಮೆಗೆ ಹೊರಗಿನದಲ್ಲ. ಮೊದಲ ಮಹಾಯುದ್ಧ ಆರಂಭವಾದಾಗ ಇಲ್ಲಿನ ಗಂಧದ ಕೊರಡುಗಳಿಗೆ ಜರ್ಮನಿಯ ಮಾರುಕಟ್ಟೆ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಎಣ್ಣೆಯನ್ನು ಸಂಸ್ಥಾನದಲ್ಲೇ ಬಟ್ಟಿಯಿಳಿಸುವ ಪ್ರಯತ್ನ ನಡೆಯಿತು. ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಹಾಗೂ ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ಎಣ್ಣೆಯ ಉತ್ಪಾದನೆ ಸಾಧ್ಯವಾಯಿತು. ಕೊರಡನ್ನು ಮಾರುತ್ತಿದ್ದ ನಾಡು ಎಣ್ಣೆಯನ್ನು ಮಾರತೊಡಗಿತು. ಕೊರಡನ್ನು ಕಣ್ಣಿನಿಂದ, ಮೂಗಿನಿಂದ ಪರೀಕ್ಷಿಸಬಹುದಿತ್ತು. ಎಣ್ಣೆಗೆ ಪ್ರಯೋಗಾಲಯದ ಅಳತೆ ಅನಿವಾರ್ಯವಾಯಿತು.

ಭಾರತೀಯ ಶ್ರೀಗಂಧದ ಎಣ್ಣೆಗೆ ಸಂಬಂಧಿಸಿದ ಐಎಸ್‌ಒ 3518 ಮಾನದಂಡದ 2002ರ ಆವೃತ್ತಿಯಲ್ಲಿ ವಿಧಿಸಲಾದ ಪರೀಕ್ಷೆಗಳಲ್ಲಿ ಒಂದು ವಿಲೀನತೆಯದೇ ಆಗಿದೆ. 20 ಡಿಗ್ರಿಯಲ್ಲಿ ಒಂದು ಪಾಲು ಎಣ್ಣೆಗೆ ಶೇಕಡಾ 70ರ ಮದ್ಯಸಾರವನ್ನು ಸೇರಿಸುತ್ತಾ ಹೋದಾಗ, ಐದು ಪಾಲು ಮೀರುವ ಮೊದಲೇ ದ್ರಾವಣ ತಿಳಿಯಾಗಬೇಕು. ಅಗ್ಗದ ಸೀಡರ್ ಎಣ್ಣೆಯನ್ನೋ ಇತರ ಸ್ಥಿರ ತೈಲಗಳನ್ನೋ ಗಣನೀಯವಾಗಿ ಬೆರೆಸಿದ್ದರೆ ದ್ರಾವಣ ಮಬ್ಬಾಗಿ ಉಳಿಯುತ್ತದೆ.

ಪರೀಕ್ಷೆ ಸರಳವೆಂದು ಕಂಡರೂ ಮೂರು ಹೊಂಚು ಅದರೊಳಗಿವೆ. ಮದ್ಯಸಾರವು ಶೇಕಡಾ 70ರ ಬದಲು 75 ಇದ್ದರೆ ಕಲಬೆರಕೆ ಎಣ್ಣೆಯೂ ತಿಳಿಯಾಗಿಬಿಡಬಹುದು. ಅದೇ 66 ಇದ್ದರೆ ಅಪ್ಪಟ ಎಣ್ಣೆಯೂ ಮಬ್ಬಾಗಿ, ಪ್ರಾಮಾಣಿಕ ಮಾರಾಟಗಾರನ ಮೇಲೆ ಅಪವಾದ ಬರುತ್ತದೆ. ಪರೀಕ್ಷೆ 20 ಡಿಗ್ರಿಯ ಬದಲು ಬೇಸಿಗೆಯ ಮಧ್ಯಾಹ್ನದ 30 ಡಿಗ್ರಿಯಲ್ಲಿ ನಡೆದರೆ ಮತ್ತೆ ಕಲಬೆರಕೆಗೇ ಅನುಕೂಲ. ಆದ್ದರಿಂದ ಎಣ್ಣೆಯನ್ನು ಪರೀಕ್ಷಿಸುವ ಮೊದಲು ಮದ್ಯಸಾರವನ್ನೇ ಪರೀಕ್ಷಿಸಬೇಕು. ಗಾತ್ರದಲ್ಲಿ ಶೇಕಡಾ 70ರ ಮದ್ಯಸಾರದ ಸಾಂದ್ರತೆ 20 ಡಿಗ್ರಿಯಲ್ಲಿ ಮಿಲಿಲೀಟರಿಗೆ ಸುಮಾರು 0.886 ಗ್ರಾಂ. ಸಾಂದ್ರತೆಯನ್ನು ಅಳೆಯುವ ಸೀಸೆಯನ್ನು ಶುದ್ಧ ಬಟ್ಟಿ ನೀರಿನಿಂದ ತಾಳೆ ನೋಡಿಕೊಳ್ಳಬೇಕು. ಇಲ್ಲಿ ನೀರೇ ನಿರ್ದೇಶಕ ದ್ರವ್ಯ.

ಇನ್ನು ತಿಳಿ ಎಂದರೇನು, ಮಬ್ಬು ಎಂದರೇನು? ಒಬ್ಬರ ಕಣ್ಣಿಗೆ ತಿಳಿಯಾಗಿ ಕಂಡದ್ದು ಮತ್ತೊಬ್ಬರ ಕಣ್ಣಿಗೆ ಮಬ್ಬಾಗಿ ಕಾಣಬಹುದು. ಈ ಜಗಳಕ್ಕೂ ಪರಿಹಾರವಿದೆ. ಸುಗಂಧ ತೈಲಗಳ ಮದ್ಯಸಾರ ವಿಲೀನತೆಗೆ ಸಂಬಂಧಿಸಿದ ಐಎಸ್‌ಒ 875 ವಿಧಾನದಲ್ಲಿ ಅತಿ ತೆಳುವಾದ ಉಪ್ಪಿನ ದ್ರಾವಣಕ್ಕೆ ಸ್ವಲ್ಪ ಸಿಲ್ವರ್ ನೈಟ್ರೇಟ್ ಬೆರೆಸಿ, ನಿಗದಿತ ಮಟ್ಟದ ಹಾಲುಬಿಳಿ ಮಬ್ಬನ್ನು ಆಗಿಂದಾಗ ತಯಾರಿಸಿಕೊಳ್ಳುತ್ತಾರೆ. ಬೆಳ್ಳಿಯ ಕ್ಲೋರೈಡು ನೀರಿನಲ್ಲಿ ಬಹುತೇಕ ಕರಗದ ವಸ್ತುವಾದ್ದರಿಂದ ಆ ಮಬ್ಬು ಉಂಟಾಗುತ್ತದೆ. ಎಣ್ಣೆಯ ದ್ರಾವಣವನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದರೆ ಕಣ್ಣಿನ ಅಂದಾಜಿಗೂ ಒಂದು ಬಟ್ಟು ದೊರೆತಂತಾಯಿತು.

ಕರ್ನಾಟಕ ಅರಣ್ಯ ಕಾಯಿದೆಗೆ 2001ರಲ್ಲಿ ತಂದ ತಿದ್ದುಪಡಿಯ ನಂತರ ತನ್ನ ಜಮೀನಿನಲ್ಲಿ ಬೆಳೆದ ಗಂಧದ ಮರದ ಮೇಲೆ ರೈತನಿಗೇ ಹಕ್ಕು ದೊರೆತಿದೆ. ಖಾಸಗಿ ತೋಟಗಳ ಗಂಧವು ಮಾರುಕಟ್ಟೆಗೆ ಬರುವಾಗ ಎಣ್ಣೆಯ ಗುಣಮಟ್ಟದ ಪ್ರಶ್ನೆ ಪ್ರತಿಯೊಂದು ವ್ಯವಹಾರದಲ್ಲೂ ಏಳುವುದು ಖಚಿತ. ವಿಲೀನತೆಯ ಪರೀಕ್ಷೆಯೊಂದೇ ಸಾಲದು. ಸಾಂಟಲಾಲ್‌ಗಳ ಅಂಶವನ್ನೂ ಅಳೆಯಬೇಕಾಗುತ್ತದೆ. ಆದರೆ ಅಲ್ಪ ವೆಚ್ಚದಲ್ಲಿ, ಸ್ಥಳದಲ್ಲೇ ಮಾಡಬಹುದಾದ ಮೊದಲ ಜರಡಿ ಇದೇ ಆಗಿದೆ.

ತಂಬಾಕಿನ ತೇವ ಮತ್ತು ಉಪ್ಪಿನ ಡಬ್ಬಿ

ಹುಣಸೂರು, ಪಿರಿಯಾಪಟ್ಟಣ ಭಾಗದ ವರ್ಜೀನಿಯಾ ತಂಬಾಕಿನ ವಹಿವಾಟಿನಲ್ಲಿ ತೇವದ ಪಾತ್ರ ಎಲ್ಲರಿಗೂ ತಿಳಿದದ್ದೇ. ಬ್ಯಾರನ್ನಿನಿಂದ ಹೊರಬಂದ ಎಲೆ ತೀರ ಒಣಗಿದ್ದರೆ ಮುಟ್ಟಿದೊಡನೆ ಪುಡಿಯಾಗುತ್ತದೆ; ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಎಲೆಯು ಸುತ್ತಲಿನ ಗಾಳಿಯೊಡನೆ ತೇವವನ್ನು ಕೊಟ್ಟು ತೆಗೆದುಕೊಂಡು ಒಂದು ಸಮತೋಲಕ್ಕೆ ಬರುತ್ತದೆ. ತಂಬಾಕಿನ ಮಾದರಿಗಳನ್ನು ಪರೀಕ್ಷೆಗೆ ಮುನ್ನ ಇಡಬೇಕಾದ ವಾತಾವರಣವನ್ನು ಐಎಸ್‌ಒ 3402 ಮಾನದಂಡವು 22 ಡಿಗ್ರಿ ಉಷ್ಣತೆ ಹಾಗೂ ಶೇಕಡಾ 60 ಸಾಪೇಕ್ಷ ಆರ್ದ್ರತೆ ಎಂದು ಗೊತ್ತುಪಡಿಸಿರುವುದು ಇದೇ ಕಾರಣಕ್ಕಾಗಿ.

ತೇವವೆಂದರೆ ಹಣ. ಲೆಕ್ಕಕ್ಕಾಗಿ 1,000 ಕಿಲೋ ಎಲೆಯನ್ನು ತೆಗೆದುಕೊಳ್ಳೋಣ. ತೇವ ಶೇಕಡಾ 14 ಇದ್ದರೆ ಅದರಲ್ಲಿರುವ ಒಣ ಪದಾರ್ಥ 860 ಕಿಲೋ. ಅದೇ ಎಲೆ ಶೇಕಡಾ 12ರ ತೇವಕ್ಕೆ ಇಳಿದಾಗ ಒಟ್ಟು ತೂಕ ಸುಮಾರು 977 ಕಿಲೋ. ಎರಡು ಅಂಶದ ತೇವದ ವ್ಯತ್ಯಾಸಕ್ಕೆ ಸುಮಾರು 23 ಕಿಲೋ ಇಳುವರಿ ವ್ಯತ್ಯಾಸ! ತಕ್ಕಡಿ ಸರಿಯಾಗಿಯೇ ಇದೆ. ಕೊಟ್ಟದ್ದು ಮಾತ್ರ ಎಲೆಯ ಬೆಲೆಗೆ ನೀರು. ಶುಂಠಿ, ಅರಿಸಿನ, ಮುಸುಕಿನ ಜೋಳಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಗೋದಾಮಿನ ಗೋಡೆಯ ಮೇಲಿರುವ ಆರ್ದ್ರತಾಮಾಪಕ ಸರಿಯಾಗಿದೆಯೇ? ಇದನ್ನು ತಿಳಿಯಲು ಪರ್ಯಾಪ್ತ ಉಪ್ಪಿನ ದ್ರಾವಣಗಳಷ್ಟು ಸುಲಭ ಸಾಧನ ಮತ್ತೊಂದಿಲ್ಲ. ಮುಚ್ಚಿದ ಡಬ್ಬಿಯೊಳಗೆ ಉಪ್ಪು, ದ್ರಾವಣ ಮತ್ತು ಗಾಳಿ ಸಮತೋಲಕ್ಕೆ ಬಂದಾಗ ಆ ಗಾಳಿಯ ಆರ್ದ್ರತೆ ಪ್ರಕೃತಿನಿಯಮದಿಂದಲೇ ಸ್ಥಿರಗೊಳ್ಳುತ್ತದೆ. 25 ಡಿಗ್ರಿಯಲ್ಲಿ ಸೋಡಿಯಂ ಕ್ಲೋರೈಡಿನ ಮೇಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75.3; ಮೆಗ್ನೀಸಿಯಂ ಕ್ಲೋರೈಡಿನದು 32.8, ಲಿಥಿಯಂ ಕ್ಲೋರೈಡಿನದು 11.3, ಪೊಟ್ಯಾಸಿಯಂ ಸಲ್ಫೇಟಿನದು 97.3. ಗ್ರೀನ್‌ಸ್ಪ್ಯಾನ್ ಎಂಬವರು 1977ರಲ್ಲಿ ಕ್ರೋಡೀಕರಿಸಿದ ಈ ಅಂಕಿಗಳನ್ನು ಜಗತ್ತಿನ ಪ್ರಯೋಗಾಲಯಗಳು ಬಳಸುತ್ತವೆ. ಉಪ್ಪಿನ ವಿಶೇಷವೆಂದರೆ 20ರಿಂದ 30 ಡಿಗ್ರಿಯ ನಡುವೆ ಅದರ ಅಂಕಿ 75.5ರಿಂದ 75.1ಕ್ಕೆ ಮಾತ್ರ ಇಳಿಯುತ್ತದೆ. ನಮ್ಮ ಹವೆಗೆ ಇದು ವರದಾನವೇ ಸರಿ.

ಮಾಡಬೇಕಾದದ್ದು ಇಷ್ಟು. ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿ ಶುದ್ಧ ಸೋಡಿಯಂ ಕ್ಲೋರೈಡನ್ನು ಬಟ್ಟಿ ನೀರಿನೊಡನೆ ಕಲಸಿ ಒದ್ದೆ ಮರಳಿನಂತೆ ಮಾಡಿ ಚಿಕ್ಕ ಬಟ್ಟಲಿನಲ್ಲಿಡಬೇಕು. ಕರಗದ ಉಪ್ಪು ಕಣ್ಣಿಗೆ ಕಾಣುತ್ತಿರಬೇಕು. ಮಾಪಕವು ದ್ರಾವಣಕ್ಕೆ ತಾಗದಂತೆ ಪಕ್ಕದಲ್ಲಿಟ್ಟು, ಉಷ್ಣತೆ ಏರಿಳಿಯದ ಮೂಲೆಯಲ್ಲಿ ಒಂದು ದಿನ ಬಿಟ್ಟು ನೋಡಬೇಕು. ಮೆಗ್ನೀಸಿಯಂ ಕ್ಲೋರೈಡಿನೊಡನೆಯೂ ಹಾಗೆಯೇ ಮಾಡಬೇಕು. ಒಂದೇ ಬಿಂದುವಿನಲ್ಲಿ ತಾಳೆ ನೋಡುವುದು ಸಾಲದು. ಕೆಳಗೆ ಸರಿಯಾಗಿದ್ದು ಮೇಲೆ ಐದಂಶ ಹೆಚ್ಚು ತೋರಿಸುವ ಮಾಪಕಗಳುಂಟು. 33 ಮತ್ತು 75ರಲ್ಲಿ ಎರಡೂ ಸರಿ ಬಂದರೆ ನಡುವಿನ 60ರಲ್ಲಿಯೂ ನಂಬಬಹುದು. ಅಂಗಡಿಯ ಅಯೋಡಿನ್‌ಯುಕ್ತ ಪುಡಿ ಉಪ್ಪು ಇದಕ್ಕೆ ಸಲ್ಲದು. ಅದು ಗಟ್ಟಿಯಾಗದಿರಲೆಂದು ಸೇರಿಸಿದ ವಸ್ತುಗಳೂ ಇತರ ಲವಣಗಳೂ ಅಂಕಿಯನ್ನು ಕೆಡಿಸುತ್ತವೆ.

ಬೆಟ್ಟದ ಮೇಲೆ ಕುದಿಯುವ ನೀರು

ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂಬುದು ಶಾಲೆಯ ಪಾಠ. ಆದರೆ ಈ ಮಾತು ಸಮುದ್ರಮಟ್ಟದ ವಾಯುಭಾರಕ್ಕೆ ಮಾತ್ರ ನಿಜ. ಪಿರಿಯಾಪಟ್ಟಣದ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರವಿರುವ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ನೆತ್ತಿಯಲ್ಲಿ ಅದು 95-96 ಡಿಗ್ರಿಗೆ ಇಳಿಯುತ್ತದೆ. ಬೆಲ್ಲದ ಆಲೆಮನೆಯವರಾಗಲಿ, ಹಣ್ಣಿನ ಪಾಕ ಮಾಡುವವರಾಗಲಿ, ಎಣ್ಣೆ ಬಟ್ಟಿಯಿಳಿಸುವವರಾಗಲಿ ಕುದಿಯುವ ನೀರಿನಲ್ಲಿ ಉಷ್ಣತಾಮಾಪಕವನ್ನಿಟ್ಟು 100 ತೋರಿಸಲಿಲ್ಲವೆಂದು ಅದನ್ನು ತಿರುಚಿದರೆ, ಸರಿಯಾಗಿದ್ದ ಸಾಧನವನ್ನು ಕೈಯಾರೆ ಕೆಡಿಸಿದಂತೆ.

ಇದಕ್ಕಿಂತ ನಂಬಲರ್ಹವಾದದ್ದು ಕರಗುತ್ತಿರುವ ಮಂಜುಗಡ್ಡೆ. ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿಮಾಡಿ ಅದೇ ನೀರಿನೊಡನೆ ಕಲಸಿದರೆ, ಎತ್ತರ ಎಷ್ಟೇ ಇರಲಿ, ಉಷ್ಣತೆ ಸೊನ್ನೆ ಡಿಗ್ರಿಯೇ. ಇನ್ನೂ ಹೆಚ್ಚಿನ ನಿಖರತೆಗೆ ನೀರಿನ ತ್ರಿಪ್ರಾವಸ್ಥಾ ಬಿಂದುವಾದ 0.01 ಡಿಗ್ರಿಯನ್ನೂ, ಗ್ಯಾಲಿಯಂ ಲೋಹ ಕರಗುವ 29.7646 ಡಿಗ್ರಿಯನ್ನೂ ಪ್ರಯೋಗಾಲಯಗಳು ಬಳಸುತ್ತವೆ. ಇವು 1990ರ ಅಂತಾರಾಷ್ಟ್ರೀಯ ಉಷ್ಣತಾ ಮಾಪನದ ಸ್ಥಿರಬಿಂದುಗಳು.

ದ್ರವ ಮತ್ತು ಆವಿಯ ಸಮತೋಲ ಡಿಸ್ಟಿಲರಿಗಳವರಿಗೆ ಚೆನ್ನಾಗಿ ಗೊತ್ತು. ಮದ್ಯಸಾರ ಮತ್ತು ನೀರಿನ ಮಿಶ್ರಣವನ್ನು ಸಾಧಾರಣ ವಾಯುಭಾರದಲ್ಲಿ ಎಷ್ಟು ಬಾರಿ ಬಟ್ಟಿಯಿಳಿಸಿದರೂ ತೂಕದಲ್ಲಿ ಸುಮಾರು ಶೇಕಡಾ 95.6ಕ್ಕಿಂತ ಮೇಲೇರುವುದಿಲ್ಲ. ಸುಮಾರು 78.2 ಡಿಗ್ರಿಯಲ್ಲಿ ಆವಿಯೂ ದ್ರವವೂ ಒಂದೇ ಬೆರಕೆಯನ್ನು ಹೊಂದಿಬಿಡುತ್ತವೆ. ಇಂತಹ ನಿಶ್ಚಿತ ವರ್ತನೆಯ ಮಿಶ್ರಣಗಳನ್ನೇ ಯಂತ್ರಗಳ ಪರೀಕ್ಷೆಗೆ ಬಳಸುತ್ತಾರೆ. ಬಟ್ಟಿಗೋಪುರದ ದಕ್ಷತೆಯನ್ನು ಅಳೆಯಲು ಶಿಫಾರಸಾದ ಪರೀಕ್ಷಾಮಿಶ್ರಣಗಳಲ್ಲಿ ಕ್ಲೋರೋಬೆಂಜೀನ್ ಮತ್ತು ಈಥೈಲ್‌ಬೆಂಜೀನ್ ಜೋಡಿ ಒಂದು. ದ್ರವದಿಂದ ದ್ರವಕ್ಕೆ ಸಾರ ಸೆಳೆಯುವ ಯಂತ್ರಗಳಿಗೆ ಟಾಲ್ಯೂಯಿನ್, ಅಸಿಟೋನ್ ಮತ್ತು ನೀರಿನ ಮಿಶ್ರಣ ಯುರೋಪಿನಲ್ಲಿ ಒಪ್ಪಿತವಾಗಿದೆ. ಹೊಸ ಯಂತ್ರ ಕೊಳ್ಳುವ ಉದ್ದಿಮೆದಾರನು ಮಾರಾಟಗಾರನ ಮಾತನ್ನೇ ನಂಬುವ ಬದಲು ಇಂತಹ ಮಿಶ್ರಣದಲ್ಲಿ ಪರೀಕ್ಷಿಸಿ ತೋರಿಸಬೇಕೆಂಬ ಷರತ್ತನ್ನು ಖರೀದಿ ಆದೇಶದಲ್ಲೇ ಬರೆಯಿಸಿಕೊಳ್ಳುವುದು ಲೇಸು.

ಹೆಪ್ಪುಗಟ್ಟಿದ ಜೇನು ಕಲಬೆರಕೆಯೇ?

ಹೆಗ್ಗಡದೇವನಕೋಟೆಯ ಕಾಡಂಚಿನ ಜೇನನ್ನು ಮಾರುವವರಿಗೆ ಚಳಿಗಾಲದಲ್ಲಿ ಬರುವ ದೂರು ಒಂದೇ: ಸೀಸೆಯ ತಳದಲ್ಲಿ ಸಕ್ಕರೆ ನಿಂತಿದೆ, ಇದು ಕಲಬೆರಕೆ. ವಸ್ತುಸ್ಥಿತಿ ಬೇರೆ. ಅನೇಕ ಜೇನುಗಳಲ್ಲಿರುವ ಗ್ಲೂಕೋಸು ಅದರಲ್ಲಿನ ಅಲ್ಪ ನೀರು ಹಿಡಿದಿಡಬಲ್ಲ ಪ್ರಮಾಣವನ್ನು ಮೀರಿರುತ್ತದೆ. ಉಷ್ಣತೆ ಇಳಿದಾಗ ಹೆಚ್ಚಿನದು ಹರಳಾಗಿ ಬೇರ್ಪಡುತ್ತದೆ. ಇದು ವಿಲೀನತೆಯ ಸಹಜ ನಿಯಮ. ಅದೊಂದರಿಂದಲೇ ಕಲಬೆರಕೆ ಸಾಬೀತಾಗದು, ಶುದ್ಧತೆಯೂ ಸಾಬೀತಾಗದು.

ಆದರೆ ಪರೀಕ್ಷೆಯಲ್ಲಿ ಎಚ್ಚರ ಬೇಕು. ಹರಳು ಬೇರ್ಪಟ್ಟ ಮೇಲೆ ಉಳಿದ ದ್ರವದಲ್ಲಿ ನೀರಿನ ಪಾಲು ಹೆಚ್ಚಾಗುತ್ತದೆ. ಅದನ್ನಷ್ಟೇ ತೆಗೆದು ವಕ್ರೀಭವನಮಾಪಕದಲ್ಲಿ ನೋಡಿದರೆ ತೇವ ಹೆಚ್ಚೆಂದು ತೋರಿ, ಸಾಮಾನ್ಯ ಜೇನಿಗೆ ಕೋಡೆಕ್ಸ್ ಮಾನದಂಡವು ವಿಧಿಸಿರುವ ಶೇಕಡಾ 20ರ ಮಿತಿಯನ್ನು ಮೀರಿದೆ ಎಂಬ ತಪ್ಪು ತೀರ್ಮಾನಕ್ಕೆ ಎಡೆಯಾಗಬಹುದು. ಸೀಸೆಯನ್ನು ಮುಚ್ಚಿಟ್ಟು ಹದವಾಗಿ ಬಿಸಿಮಾಡಿ, ಹರಳನ್ನು ಪೂರ್ತಿ ಕರಗಿಸಿ, ತಣಿಸಿ, ಕಲಕಿ ನಂತರ ಮಾದರಿ ತೆಗೆಯಬೇಕು. ಮಾಪಕವನ್ನು ಮೊದಲು ಬಟ್ಟಿ ನೀರಿನಿಂದ ತಾಳೆ ನೋಡಬೇಕು. 20 ಡಿಗ್ರಿಯಲ್ಲಿ ಅದರ ವಕ್ರೀಭವನ ಸೂಚ್ಯಂಕ 1.3330. ನೀರಿನ ಅಂಕಿ ಜೇನಿನ ಅಂಕಿಗಿಂತ ಬಹಳ ಕೆಳಗಿರುವುದರಿಂದ, ಜೇನಿನ ಮಟ್ಟಕ್ಕೆ ಹತ್ತಿರವಿರುವ ಪ್ರಮಾಣಿತ ದ್ರವವೊಂದರಿಂದಲೂ ನೋಡುವುದು ಅಗತ್ಯ.

ವರದಿಯನ್ನು ಓದುವ ಕ್ರಮ

ಒಂದೇ ಸರಕಿಗೆ ಎರಡು ಪ್ರಯೋಗಾಲಯಗಳು ಎರಡು ಅಂಕಿ ಕೊಟ್ಟಾಗ ಯಾರೋ ಮೋಸ ಮಾಡಿದ್ದಾರೆಂದು ಭಾವಿಸುವುದು ಸಹಜ. ಆದರೆ ಪ್ರತಿಯೊಂದು ಅಳತೆಗೂ ಅನಿಶ್ಚಿತತೆ ಇದ್ದೇ ಇರುತ್ತದೆ. ಒಂದು ವರದಿಯಲ್ಲಿ ತೇವ 11.8, ಇನ್ನೊಂದರಲ್ಲಿ 12.3 ಎಂದಿದ್ದು, ಎರಡರಲ್ಲೂ ಅನಿಶ್ಚಿತತೆ 0.4 ಎಂದು ನಮೂದಾಗಿದ್ದರೆ ಅವೆರಡರ ಒಟ್ಟು ಅನಿಶ್ಚಿತತೆ ಸುಮಾರು 0.57 ಆಗುತ್ತದೆ. ವ್ಯತ್ಯಾಸ 0.5 ಮಾತ್ರ. ಆದ್ದರಿಂದ ಎರಡು ವರದಿಗಳಲ್ಲಿ ವಾಸ್ತವವಾಗಿ ವಿರೋಧವೇ ಇಲ್ಲ. ವಕೀಲರಿಗೆ ಶುಲ್ಕ ಕೊಡುವ ಅಗತ್ಯವೂ ಇಲ್ಲ. ಅನಿಶ್ಚಿತತೆಯನ್ನು ನಮೂದಿಸದ ವರದಿಯಿಂದ ಇಂತಹ ತೀರ್ಮಾನ ಸಾಧ್ಯವಿಲ್ಲ. ಆದ್ದರಿಂದ ವರದಿ ಕೇಳುವಾಗಲೇ ಮೂರು ಸಂಗತಿಗಳನ್ನು ಕೇಳಬೇಕು: ಅನಿಶ್ಚಿತತೆ ಎಷ್ಟು, ಯಾವ ವಿಧಾನ, ಯಾವ ನಿರ್ದೇಶಕ ದ್ರವ್ಯದಿಂದ ತಾಳೆ ನೋಡಲಾಗಿದೆ.

ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ‘ಭಾರತೀಯ ನಿರ್ದೇಶಕ ದ್ರವ್ಯ’ ಎಂಬ ಹೆಸರಿನಲ್ಲಿ ಪ್ರಮಾಣಿತ ದ್ರವ್ಯಗಳ ವ್ಯವಸ್ಥೆಯನ್ನು ರೂಪಿಸಿದೆ. ಚಿನ್ನದ ಶುದ್ಧತೆಯಿಂದ ಹಿಡಿದು ಹಲವು ಕ್ಷೇತ್ರಗಳಿಗೆ ಇದು ವಿಸ್ತರಿಸಿದೆ. ಔಷಧ ತಯಾರಕರಿಗೆ ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಕೋಪಿಯ ಆಯೋಗವು ನಿರ್ದೇಶಕ ವಸ್ತುಗಳನ್ನು ಒದಗಿಸುತ್ತದೆ. ತಯಾರಕರಿಗೆ ಐಎಸ್‌ಒ 17034ರಂತೆ ಮಾನ್ಯತೆ ನೀಡುವ ಕೆಲಸವನ್ನು ಎನ್‌ಎಬಿಎಲ್ ಮಾಡುತ್ತದೆ. ಆಹಾರ ಕ್ಷೇತ್ರದವರಿಗೆ 1950ರಿಂದ ಮೈಸೂರಿನಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಕೈಗೆಟಕುವ ದೂರದಲ್ಲೇ ಇದೆ.

ವೆಚ್ಚದ ಲೆಕ್ಕ

ಪ್ರಮಾಣಿತ ದ್ರವ್ಯಗಳು ಅಗ್ಗವಲ್ಲ. ಆದರೆ ದಿನನಿತ್ಯ ಅವನ್ನೇ ಖರ್ಚು ಮಾಡಬೇಕೆಂದಿಲ್ಲ. ಕಾನೂನುಮಾಪನದಲ್ಲಿ ಮೂಲಮಾನ, ದ್ವಿತೀಯಮಾನ ಹಾಗೂ ಕಾರ್ಯಮಾನಗಳೆಂಬ ಶ್ರೇಣಿ ಇರುವಂತೆ, ಇಲ್ಲಿಯೂ ದುಬಾರಿ ದ್ರವ್ಯದಿಂದ ತನ್ನದೇ ಒಂದು ಮಾದರಿಗೆ ಬೆಲೆ ಕಟ್ಟಿಟ್ಟುಕೊಂಡು, ನಿತ್ಯದ ತಾಳೆಗೆ ಆ ಮಾದರಿಯನ್ನೂ ವರ್ಷಕ್ಕೊಂದೆರಡು ಬಾರಿ ಮೂಲದ್ರವ್ಯವನ್ನೂ ಬಳಸಬಹುದು.

ಲೆಕ್ಕಪತ್ರದ ದೃಷ್ಟಿಯಿಂದ ಬಳಸಿ ಮುಗಿಯುವ ನಿರ್ದೇಶಕ ದ್ರವ್ಯವು ರಾಜಸ್ವ ವೆಚ್ಚ; ಅದನ್ನು ಉಪಯೋಗಿಸುವ ಮಾಪಕವು ಸ್ವತ್ತು. ತೆರಿಗೆಗೊಳಪಟ್ಟ ಸರಕನ್ನು ಮಾರುವ ನೋಂದಾಯಿತ ವ್ಯಾಪಾರಿಯು ವ್ಯವಹಾರಕ್ಕಾಗಿ ಕೊಂಡ ದ್ರವ್ಯದ ಮೇಲಿನ ಜಿಎಸ್‌ಟಿಯನ್ನು ನಿಯಮಗಳಿಗೊಳಪಟ್ಟು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ಪ್ರತ್ಯೇಕ ದಾಸ್ತಾನು ಪುಸ್ತಕವೊಂದರಲ್ಲಿ ತಂಡದ ಸಂಖ್ಯೆ, ಬಂದ ದಿನಾಂಕ, ಸೀಸೆ ತೆರೆದ ದಿನಾಂಕ, ಅವಧಿ ಮುಗಿಯುವ ದಿನಾಂಕಗಳನ್ನು ಬರೆದಿಡಬೇಕು. ಪ್ರಮಾಣಪತ್ರವನ್ನು ಬಿಲ್ಲಿನೊಡನೆ ಕಡತದಲ್ಲಿಡಬೇಕು. ಅವಧಿ ಮುಗಿದ ದ್ರವ್ಯವು ಮುದ್ರೆ ಅಳಿಸಿದ ಬಟ್ಟಿಗೆ ಸಮಾನ. ವಿವಾದ ಬಂದಾಗ ಅದು ಕೊಂಡವನಿಗೇ ಎದುರು ಸಾಕ್ಷಿಯಾಗುತ್ತದೆ.

ಒಬ್ಬ ಸಣ್ಣ ತಯಾರಕನಿಗೆ ಭಾರವಾಗುವುದು ಹತ್ತು ಮಂದಿಗೆ ಹಗುರ. ಒಂದೇ ಊರಿನ ಗೋದಾಮಿನವರು, ಜೇನು ಮತ್ತು ಮಸಾಲೆ ವರ್ತಕರು, ಎಣ್ಣೆ ತಯಾರಕರು ಕೂಡಿ ಶುದ್ಧ ಲವಣಗಳ ಒಂದು ಜೊತೆ, ತಾಳೆ ನೋಡಿದ ಒಂದು ಉಷ್ಣತಾಮಾಪಕ, ವಕ್ರೀಭವನದ ಒಂದು ಪ್ರಮಾಣಿತ ದ್ರವ ಇಷ್ಟನ್ನು ಇಟ್ಟುಕೊಂಡು ಸರದಿಯಂತೆ ಬಳಸಿದರೆ ತಲಾ ಬೀಳುವ ಖರ್ಚು ಅತ್ಯಲ್ಪ. ವಾಣಿಜ್ಯ ಸಂಸ್ಥೆಗಳ ತಾಲ್ಲೂಕು ಘಟಕಗಳು ಇಂತಹ ಸಾಮಾನ್ಯ ಸೌಲಭ್ಯವನ್ನು ಏರ್ಪಡಿಸಲು ಯಾವ ಕಾನೂನೂ ಅಡ್ಡಿ ಬರುವುದಿಲ್ಲ. ಶತಮಾನದ ಹಿಂದೆ ಎರಕದ ಉದ್ದಿಮೆದಾರರು ತಮ್ಮ ಸಂಘದ ಮೂಲಕ ಸಾಧಿಸಿದ್ದು ಇದನ್ನೇ.

ಮಾರಾಟಗಾರನ ಮಾತಿಗಿಂತ, ಖರೀದಿದಾರನ ಸಂದೇಹಕ್ಕಿಂತ, ಇಬ್ಬರೂ ಒಪ್ಪಿದ ಅಳತೆ ದೊಡ್ಡದು. ತಕ್ಕಡಿಯ ವಿಷಯದಲ್ಲಿ ನಮ್ಮ ವರ್ತಕ ಸಮುದಾಯ ಈ ಸತ್ಯವನ್ನು ತಲೆಮಾರುಗಳ ಹಿಂದೆಯೇ ಒಪ್ಪಿಕೊಂಡಿದೆ. ತೇವ, ತಿಳಿ, ಕುದಿ ಮತ್ತು ಹರಳಿನ ವಿಷಯದಲ್ಲೂ ಒಪ್ಪಿಕೊಂಡರೆ ದರ ಕಡಿತದ ಅನೇಕ ವಿವಾದಗಳು ಸರಕು ಲಾರಿ ಏರುವ ಮೊದಲೇ ಇತ್ಯರ್ಥವಾಗುತ್ತವೆ.